ಯೌವನಸ್ಥರ ಕೂಟದಲ್ಲಿ ಸಿಕ್ಕಿದ್ದು ಆಮೇಲೆ ಎಲ್ಲಿ ಹೋಯಿತು?

ಪ್ರಶ್ನೆ: ಅಕ್ಕಾ, ನಾನು ಹುಮನಾಬಾದ್ ಹತ್ತಿರದ ಹಳ್ಳಿಯವಳು. ಕಲಬುರಗಿಯಲ್ಲಿ ಹಾಸ್ಟೆಲಿನಲ್ಲಿದ್ದು ನರ್ಸಿಂಗ್ ಎರಡನೇ ವರ್ಷ ಓದುತ್ತಿದ್ದೇನೆ. ನಮ್ಮದು ಕ್ರೈಸ್ತರ ಮೆಥೋಡಿಸ್ಟ್ ಸಭೆ. ದಸರಾ ರಜೆಯಲ್ಲಿ ಕಾಲೇಜಿನ ಗೆಳತಿಯರ ಜೊತೆ ಮೂರು ದಿನದ ಯೌವನಸ್ಥರ ಕೂಟಕ್ಕೆ ಹೋಗಿದ್ದೆ. ಎರಡನೇ ರಾತ್ರಿ ಪ್ರಾರ್ಥನೆಯಲ್ಲಿ ತುಂಬಾ ಅತ್ತೆ. ಮನಸ್ಸು ಹಗುರಾಯಿತು. ಅಂಥ ಸಂತೋಷ ಹಿಂದೆ ಯಾವತ್ತೂ ಆಗಿರಲಿಲ್ಲ. ಎರಡು ವರ್ಷದಿಂದ ಮಾತು ಬಿಟ್ಟಿದ್ದ ಅತ್ತಿಗೆಗೆ ಅಲ್ಲಿಂದಲೇ ಫೋನ್ ಮಾಡಿ ಮಾತಾಡಿದೆ. ದಿನಾ ಬೆಳಿಗ್ಗೆ ಐದಕ್ಕೆ ಎದ್ದು ಪ್ರಾರ್ಥನೆ ಮಾಡಬೇಕು ಅಂತ ತೀರ್ಮಾನಿಸಿದೆ. ಪೂರ್ಣಾವಧಿ ಸೇವೆಗೆ, ಅಂದರೆ ಇಡೀ ಜೀವನ ದೇವರ ಕೆಲಸಕ್ಕೆ, ಬರುವವರು ಕೈ ಎತ್ತಿ ಅಂದಾಗ ಕೈಯನ್ನೂ ಎತ್ತಿದೆ. ಈಗ ಡಿಸೆಂಬರ್. ಐದಕ್ಕೆ ಏಳುವುದು ಮೂರು ವಾರಕ್ಕೇ ನಿಂತಿತು. ಅದೇ ಹಾಡು ಕೇಳಿದರೂ ಏನೂ ಅನಿಸುವುದಿಲ್ಲ. ಊರಿನ ಸಭೆಗೆ ಹೋದರೆ ಬೇಸರ. ಅಲ್ಲಿ ಆದದ್ದು ಬರೀ ಮೈಕು, ಲೈಟು, ಹಾಡಿನ ಗುಂಗಾ? ನಾನು ದೇವರಿಗೆ ಸುಳ್ಳು ಹೇಳಿದೆನಾ? ಮೇ ತಿಂಗಳಲ್ಲಿ ಇನ್ನೊಂದು ಕೂಟ ಇದೆ. ಹೋಗಲಾ, ಬೇಡವಾ?

ಉತ್ತರ: ತಂಗಿ, ಮೊದಲು ನೇರವಾಗಿ ಹೇಳಿಬಿಡುತ್ತೇನೆ. ಆ ರಾತ್ರಿ ಆದದ್ದು ಸುಳ್ಳಲ್ಲ. ನೀನು ದೇವರಿಗೆ ಸುಳ್ಳೂ ಹೇಳಿಲ್ಲ. ಮೇ ಕೂಟಕ್ಕೆ ಹೋಗು. ಆದರೆ ಕಳೆದುಹೋದ ಸಂತೋಷವನ್ನು ವಾಪಸ್ ತರಬೇಕು ಅಂತ ಹೋಗಬೇಡ. ನಿನ್ನ ಸಭೆಯವರು ಯಾರೂ ಜೊತೆಗಿಲ್ಲದೆ ಕೂಡ ಹೋಗಬೇಡ. ಮೇ ಬರಲು ಇನ್ನೂ ಐದು ತಿಂಗಳಿದೆ. ಆ ಐದು ತಿಂಗಳ ಬಗ್ಗೆಯೇ ನಾನು ಇಲ್ಲಿ ಜಾಸ್ತಿ ಮಾತಾಡುವುದು.

ಮೈಕು, ಲೈಟು, ಹಾಡು ಅಂತ ಕೇಳಿದ್ದೀಯ. ನರ್ಸಿಂಗ್ ಓದುವವಳು, ನಿನಗೆ ದೇಹದ ವಿಷಯ ಗೊತ್ತಿದೆ. ಮೂರು ದಿನ ನಿದ್ದೆ ಕಡಿಮೆ. ಪರೀಕ್ಷೆ, ಡ್ಯೂಟಿ, ಮನೆಯ ಚಿಂತೆ ಯಾವುದೂ ಇಲ್ಲ. ಸುತ್ತ ನಿನ್ನ ವಯಸ್ಸಿನವರೇ. ನೂರಾರು ಜನ ಕೂಡಿ ಹಾಡುವಾಗ ಉಸಿರು ಒಂದೇ ಲಯಕ್ಕೆ ಬರುತ್ತದೆ, ಎದೆ ತುಂಬಿ ಬರುತ್ತದೆ. ಹೌದು, ಇದೆಲ್ಲ ಕೆಲಸ ಮಾಡಿದೆ. ಅದಕ್ಕೆ ದೇವರು ಅಲ್ಲಿರಲಿಲ್ಲ ಅಂತ ಅರ್ಥವೇ? ದೇಹವನ್ನು ಕೊಟ್ಟವನು ಅವನೇ ಅಲ್ವಾ? ಅವನು ನಮ್ಮನ್ನು ಮುಟ್ಟುವುದು ದೇಹದ ಮೂಲಕವೇ. ಹಾಗಂತ ಅತ್ತದ್ದನ್ನೇ ಪುರಾವೆ ಅನ್ನುವುದೂ ತಪ್ಪು. ಕಣ್ಣೀರು ಬಂದರೆ ಪವಿತ್ರಾತ್ಮ ಬಂದ, ಬರದಿದ್ದರೆ ಬರಲಿಲ್ಲ ಅಂತ ಕೆಲವರು ಕಲಿಸುತ್ತಾರೆ. ಅದನ್ನು ನಾನು ಒಪ್ಪುವುದಿಲ್ಲ. ಆವತ್ತು ನಿನ್ನ ಪಕ್ಕದಲ್ಲಿ ಕಣ್ಣು ಒದ್ದೆಯಾಗದೆ ಸುಮ್ನೆ ಕೂತಿದ್ದ ಹುಡುಗಿಯೂ ನಿನ್ನಷ್ಟೇ ಪಡೆದಿರಬಹುದು.

ಹಾಗಾದರೆ ಪುರಾವೆ ಯಾವುದು? ನಿನ್ನ ಪತ್ರದಲ್ಲೇ ಇದೆ. ಒಂದೇ ಸಾಲಿನಲ್ಲಿ ಹೇಳಿ ಮುಂದೆ ಹೋಗಿದ್ದೀಯ. ಎರಡು ವರ್ಷ ಮಾತು ಬಿಟ್ಟಿದ್ದ ಅತ್ತಿಗೆಗೆ ಫೋನ್ ಮಾಡಿದೆ. ಸತ್ಯವೇದದಲ್ಲಿ, ಅಂದರೆ ಬೈಬಲಿನಲ್ಲಿ, ಅಪೊಸ್ತಲ ಪೌಲನು ಗಲಾತ್ಯದವರಿಗೆ ಬರೆದ ಪತ್ರದ 5ನೇ ಅಧ್ಯಾಯದಲ್ಲಿ ಆತ್ಮನ ಫಲಗಳನ್ನು ಹೇಳುತ್ತಾನೆ. ಪ್ರೀತಿ, ಸಂತೋಷ, ಸಮಾಧಾನ, ದೀರ್ಘಶಾಂತಿ, ದಯೆ, ಹೀಗೆ. ಆ ಪಟ್ಟಿಯಲ್ಲಿ ಸಂತೋಷವೂ ಇದೆ, ನಿಜ. ಆದರೆ ಜಾಸ್ತಿ ಇರುವುದು ಇನ್ನೊಬ್ಬರ ಜೊತೆ ನಾವು ಹೇಗಿರುತ್ತೇವೆ ಅನ್ನುವುದು. ಮನೆಯಲ್ಲಿ ಮುರಿದ ಮಾತನ್ನು ಮೊದಲು ತಾನೇ ಶುರು ಮಾಡುವುದು ಎಷ್ಟು ಕಷ್ಟ ಅಂತ ನಮ್ಮ ಕಡೆಯ ಕೂಡುಕುಟುಂಬದಲ್ಲಿ ಬೆಳೆದ ಯಾರಿಗೂ ಹೇಳಬೇಕಾಗಿಲ್ಲ. ಲೈಟು, ಮೈಕು ಅದನ್ನು ಮಾಡಿಸುವುದಿಲ್ಲ. ನೀನು ಈಗಲೂ ಅತ್ತಿಗೆಯ ಜೊತೆ ಮಾತಾಡುತ್ತಿದ್ದೀಯಾ? ಹಾಗಿದ್ದರೆ ಕೂಟದಲ್ಲಿ ಸಿಕ್ಕಿದ್ದು ಎಲ್ಲಿಗೂ ಹೋಗಿಲ್ಲ. ನಿಲ್ಲಿಸಿದ್ದರೆ ಈ ವಾರ ಮತ್ತೆ ಫೋನ್ ಮಾಡು.

ಈಗ ಬಂದಿರುವ ಬತ್ತಿದ ಮನಸ್ಸಿನ ಬಗ್ಗೆ. ಪ್ರವಾದಿ ಎಲೀಯನ ಕತೆ ಸಂಡೇ ಸ್ಕೂಲಿನಲ್ಲಿ ಕೇಳಿದ್ದೀಯ. ಸಾಮಾನ್ಯವಾಗಿ ನಮಗೆ ಹೇಳಿಕೊಡುವುದು 1 ಅರಸುಗಳು 18ನೇ ಅಧ್ಯಾಯ: ಕರ್ಮೆಲ್ ಬೆಟ್ಟ, ಆಕಾಶದಿಂದ ಬಿದ್ದ ಬೆಂಕಿ, ಜನರೆಲ್ಲ ಬೋರಲು ಬಿದ್ದದ್ದು. 19ನೇ ಅಧ್ಯಾಯವನ್ನು ಈ ವಾರ ನಿಧಾನವಾಗಿ ಓದು. ಅಷ್ಟು ದೊಡ್ಡ ದಿನ ಕಳೆದ ಮೇಲೆ ಅದೇ ಮನುಷ್ಯ ಹೆದರಿ ಓಡುತ್ತಾನೆ. ಅರಣ್ಯದಲ್ಲಿ ಒಂದು ಗಿಡದ ಕೆಳಗೆ ಕೂತು ಸಾಕು, ನನ್ನ ಪ್ರಾಣ ತೆಗೆದುಬಿಡು ಅನ್ನುತ್ತಾನೆ. ದೇವರು ಏನು ಮಾಡಿದ ನೋಡು. ಬೈಯಲಿಲ್ಲ. ನಿನ್ನೆ ಅಷ್ಟು ಬೆಂಕಿ ನೋಡಿದವನು ಇವತ್ತು ಹೀಗಾ ಅಂತ ಕೇಳಲಿಲ್ಲ. ನಿದ್ದೆ ಮಾಡಲು ಬಿಟ್ಟ. ದೂತನನ್ನು ಕಳಿಸಿ ರೊಟ್ಟಿ, ನೀರು ಕೊಟ್ಟ. ಮತ್ತೆ ಮಲಗಲು ಬಿಟ್ಟು, ಎಬ್ಬಿಸಿ ಎರಡನೇ ಸಲ ಊಟ ಕೊಟ್ಟ. ದಾರಿ ದೂರ ಇದೆ ಅಂತ ಹೇಳಿದ. ಮಾತು ಅದಾದ ಮೇಲೆ, ಹೋರೇಬ್ ಬೆಟ್ಟದಲ್ಲಿ. ಅದೂ ಬಿರುಗಾಳಿಯಲ್ಲಿ ಅಲ್ಲ, ಭೂಕಂಪದಲ್ಲಿ ಅಲ್ಲ, ಬೆಂಕಿಯಲ್ಲಿ ಅಲ್ಲ. ಸಣ್ಣ ದನಿಯಲ್ಲಿ. ಆಮೇಲೆ ಕೆಲಸ ಹೇಳಿ ವಾಪಸ್ ಕಳಿಸಿದ, ಜೊತೆಗೆ ಎಲೀಷ ಅನ್ನುವ ಶಿಷ್ಯನನ್ನು ಕೊಟ್ಟ.

ನಿನ್ನ ಪರಿಸ್ಥಿತಿಯಲ್ಲೂ ನಾನು ಮೊದಲು ಕೇಳುವುದು ಇದನ್ನೇ. ನಿದ್ದೆ ಸರಿ ಇದೆಯಾ? ರಾತ್ರಿ ಪಾಳಿ ಮುಗಿಸಿ ಬಂದು ತಿಂಡಿ ಬಿಟ್ಟು ಕ್ಲಾಸಿಗೆ ಓಡುತ್ತೀಯಾ? ರಾತ್ರಿಯಿಡೀ ವಾರ್ಡಿನಲ್ಲಿ ನಿಂತವಳು ಬೆಳಿಗ್ಗೆ ಐದಕ್ಕೆ ಏಳಲಿಲ್ಲ ಅಂತ ಅಳುವುದು ಬೇಡ. ಇನ್ನೊಂದು ಮಾತು. ಎರಡು ವಾರಕ್ಕಿಂತ ಜಾಸ್ತಿ ನಿದ್ದೆ ಬರದೆ, ಊಟ ಸೇರದೆ, ಯಾವುದರಲ್ಲೂ ಮನಸ್ಸಿಲ್ಲದೆ, ಸಾಯಬೇಕು ಅನಿಸುತ್ತಿದ್ದರೆ ಅದನ್ನು ಆತ್ಮಿಕ ಬರಗಾಲ ಅಂತ ಸುಮ್ಮನಾಗಬೇಡ. ಡಾಕ್ಟರಿಗೆ ತೋರಿಸು. ಟೆಲಿ ಮಾನಸ್ ಅನ್ನುವ ಸರ್ಕಾರಿ ಸಹಾಯವಾಣಿ 14416ಕ್ಕೆ ಕರೆ ಮಾಡಿದರೆ ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡು ಇಲ್ಲ. ಸಾವಿನ ಯೋಚನೆ ಬಂದರೆ ಎರಡು ವಾರ ಅಂತ ಕಾಯುವುದೂ ಬೇಡ, ಅವತ್ತೇ ಯಾರಿಗಾದರೂ ಹೇಳು. ಪ್ರಾರ್ಥನೆ ಮಾಡುವವರಿಗೂ ಖಿನ್ನತೆ ಬರುತ್ತದೆ. ನಿನ್ನ ಪತ್ರ ಓದಿದರೆ ಹಾಗೆ ಕಾಣುವುದಿಲ್ಲ. ಆದರೂ ಹೇಳುವುದು ನನ್ನ ಜವಾಬ್ದಾರಿ.

ನೀನು ಮೆಥೋಡಿಸ್ಟ್ ಮನೆಯವಳು. ಆದ್ದರಿಂದ ನಮ್ಮದೇ ಹಿರಿಯರೊಬ್ಬರ ವಿಷಯ ಹೇಳುತ್ತೇನೆ. ಮೆಥೋಡಿಸ್ಟ್ ಸಭೆಗೆ ಮೂಲರಾದ ಜಾನ್ ವೆಸ್ಲಿಯವರಿಗೆ 1738ರ ಮೇ 24ರಂದು ಲಂಡನ್ನಿನ ಆಲ್ಡರ್ಸ್‌ಗೇಟ್ ಬೀದಿಯ ಒಂದು ಸಣ್ಣ ಕೂಟದಲ್ಲಿ ಹೃದಯ ಬೆಚ್ಚಗಾಯಿತು. ಇದನ್ನು ನಮ್ಮ ಸಭೆಗಳಲ್ಲಿ ಪ್ರತಿ ವರ್ಷ ಮೇ ತಿಂಗಳಲ್ಲಿ ನೆನೆಯುತ್ತೇವೆ. ಆಮೇಲೆ ಏನಾಯಿತು ಅನ್ನುವುದನ್ನು ಯಾಕೋ ಅಷ್ಟಾಗಿ ಹೇಳುವುದಿಲ್ಲ. 1739ರ ಜನವರಿ 1ರಂದು ಫೆಟರ್ ಲೇನ್ ಅನ್ನುವಲ್ಲಿ ಸುಮಾರು 60 ಜನರ ಜೊತೆ ಅವರು ರಾತ್ರಿಯಿಡೀ ಪ್ರಾರ್ಥನೆಯಲ್ಲಿದ್ದರು. ಬೆಳಗಿನ ಜಾವ ಮೂರರ ಸುಮಾರಿಗೆ ದೇವರ ಬಲ ಎಷ್ಟು ಇಳಿಯಿತೆಂದರೆ ಹಲವರು ಸಂತೋಷದಿಂದ ಕೂಗಿದರು, ಹಲವರು ನೆಲಕ್ಕೆ ಬಿದ್ದರು. ಇದನ್ನು ಅವರೇ ತಮ್ಮ ದಿನಚರಿಯಲ್ಲಿ ಬರೆದಿದ್ದಾರೆ. ಅದೇ ದಿನಚರಿಯಲ್ಲಿ ಜನವರಿ 4ರಂದು, ಅಂದರೆ ಮೂರೇ ದಿನದ ಮೇಲೆ, ನಾನು ಈಗ ಕ್ರೈಸ್ತನಲ್ಲ ಅಂತ ಬರೆದುಕೊಂಡರು. ದೇವರ ಮೇಲಿನ ಪ್ರೀತಿ, ಸಂತೋಷ, ಸಮಾಧಾನ ನನ್ನಲ್ಲಿ ಕಾಣುತ್ತಿಲ್ಲ ಅನ್ನುವ ಸಂಕಟ ಅದು. ನಿನಗೆ ಮೂರು ವಾರ ನಡೆಯಿತು, ಅವರಿಗೆ ಮೂರು ದಿನ! ಮೂರು ತಿಂಗಳಾದ ಮೇಲೆ, ಏಪ್ರಿಲ್ 2ರಂದು, ಅದೇ ಮನುಷ್ಯ ಇಂಗ್ಲೆಂಡಿನ ಬ್ರಿಸ್ಟಲ್‌ನಲ್ಲಿ ಬಯಲಿನಲ್ಲಿ ನಿಂತು ಬಡವರಿಗೆ ಸುವಾರ್ತೆ ಹೇಳಲು ಶುರು ಮಾಡಿದರು. 1791ರಲ್ಲಿ 87ನೇ ವಯಸ್ಸಿನಲ್ಲಿ ತೀರಿಕೊಳ್ಳುವ ತನಕ ಆ ಕೆಲಸ ಬಿಡಲಿಲ್ಲ. ಮನಸ್ಸು ಬೆಚ್ಚಗಿದ್ದ ದಿನ ಮಾತ್ರ ಕೆಲಸ ಮಾಡಬೇಕು ಅಂತ ಕೂತಿದ್ದರೆ ಬೀದರ್, ಹುಮನಾಬಾದ್ ತನಕ ಈ ಸಭೆ ಬರುತ್ತಿತ್ತಾ?

ಅವರನ್ನು ಬೀಳದೆ ನಿಲ್ಲಿಸಿದ್ದು ಯಾವುದು ಅಂತ ನೋಡಿದರೆ ನಿನ್ನ ಪ್ರಶ್ನೆಗೂ ಉತ್ತರ ಸಿಗುತ್ತದೆ. ಬ್ರಿಸ್ಟಲ್‌ನಲ್ಲಿ ಅವರು ಕಟ್ಟಿದ ಪ್ರಾರ್ಥನಾಮಂದಿರದ ಮೇಲೆ ಸಾಲ ಇತ್ತು. 1742ರ ಫೆಬ್ರವರಿಯಲ್ಲಿ ಅದನ್ನು ತೀರಿಸುವ ಮಾತು ಬಂತು. ಪ್ರತಿಯೊಬ್ಬರೂ ವಾರಕ್ಕೆ ಒಂದು ಪೆನ್ನಿ, ಅಂದರೆ ಅಲ್ಲಿನ ಚಿಲ್ಲರೆ ಕಾಸು, ಕೊಡೋಣ ಅಂತ ಒಬ್ಬರು ಸೂಚಿಸಿದರು. ಹನ್ನೆರಡು ಜನಕ್ಕೆ ಒಬ್ಬ ಮುಖಂಡ. ಅವನು ವಾರಕ್ಕೊಮ್ಮೆ ಮನೆ ಮನೆಗೆ ಹೋಗಿ ದುಡ್ಡು ಕೂಡಿಸಬೇಕು. ಹೀಗೆ ಹೋದಾಗ ಮನೆಯೊಳಗಿನ ನಿಜ ಸ್ಥಿತಿ ಕಂಡಿತು. ಒಬ್ಬ ಕುಡಿತಕ್ಕೆ ವಾಪಸ್ ಹೋಗಿದ್ದಾನೆ, ಒಬ್ಬರ ಮನೆಯಲ್ಲಿ ಜಗಳ, ಇನ್ನೊಬ್ಬರಿಗೆ ಕಾಯಿಲೆ. ಬಯಲಿನ ದೊಡ್ಡ ಸಭೆಯಲ್ಲಿ ಇದು ಯಾವುದೂ ಕಾಣುತ್ತಿರಲಿಲ್ಲ. ವೆಸ್ಲಿಯವರಿಗೆ ತಕ್ಷಣ ಹೊಳೆಯಿತು, ನಮಗೆ ಬೇಕಾಗಿದ್ದು ಇದೇ ಅಂತ. ಆಮೇಲೆ ಆ ಹನ್ನೆರಡು ಜನ ವಾರಕ್ಕೊಮ್ಮೆ ಒಂದೇ ಕಡೆ ಕೂಡತೊಡಗಿದರು. ಒಬ್ಬರನ್ನೊಬ್ಬರು ಕೇಳುತ್ತಿದ್ದರು: ನಿನ್ನ ಆತ್ಮ ಹೇಗಿದೆ? ಅವರು ಕೂಡಿದ್ದಕ್ಕೆ ಕ್ಲಾಸ್ ಮೀಟಿಂಗ್ ಅಂತ ಹೆಸರು. ಬಯಲಿನಲ್ಲಿ ಸಾವಿರಾರು ಜನ ಕೇಳಿ ಅತ್ತರು, ನಿಜ. ಅವರು ಉಳಿದದ್ದು ಈ ಹನ್ನೆರಡು ಜನರ ನಡುವೆ.

ನಿನಗೆ ಕೂಟ ಸಿಕ್ಕಿತು. ಹನ್ನೆರಡು ಜನ ಸಿಗಲಿಲ್ಲ. ನಾನು ನೋಡುವಂತೆ ಆದದ್ದು ಇಷ್ಟೇ. ಇದರಲ್ಲಿ ನಿನಗಿಂತ ಕೂಟ ನಡೆಸುವವರ ತಪ್ಪೇ ಜಾಸ್ತಿ. ಪೆಂಡಾಲು, ಊಟ, ಬ್ಯಾಂಡು, ಪ್ರಸಂಗಿ ಎಲ್ಲದಕ್ಕೂ ತಿಂಗಳುಗಟ್ಟಲೆ ಸಿದ್ಧತೆ ನಡೆಯುತ್ತದೆ. ಮನೆಗೆ ಹೋದ ಮೇಲೆ ಆ ಮಕ್ಕಳ ಕೈ ಹಿಡಿಯುವವರು ಯಾರು ಅಂತ ಒಂದು ಹಾಳೆಯೂ ಇರುವುದಿಲ್ಲ. ಇದನ್ನು ನಾನು ಬಹಳ ಸಲ ಹೇಳಿದ್ದೇನೆ, ಇಲ್ಲೂ ಹೇಳುತ್ತೇನೆ.

ಈಗ ನೀನು ಮಾಡಬೇಕಾದ್ದು. ಹಾಸ್ಟೆಲಿನಲ್ಲಿ ಆ ಕೂಟಕ್ಕೆ ಬಂದಿದ್ದ ಹುಡುಗಿಯರಲ್ಲಿ ಇಬ್ಬರನ್ನೋ ಮೂವರನ್ನೋ ಹುಡುಕು. ನಿನ್ನ ಹಾಗೆಯೇ ಅವರೂ ಒಳಗೊಳಗೆ ಒಣಗಿ, ಯಾರಿಗೂ ಹೇಳದೆ ಇರುತ್ತಾರೆ. ವಾರದಲ್ಲಿ ಒಂದು ದಿನ ಕೂಡಿ, ಮುಕ್ಕಾಲು ಗಂಟೆ ಸಾಕು. ಪಾಳಿ ಬದಲಾದರೆ ದಿನ ಬದಲಿಸಿಕೊಳ್ಳಿ, ವಾರ ಮಾತ್ರ ತಪ್ಪಿಸಬೇಡಿ. ಸತ್ಯವೇದದ ಒಂದು ಸಣ್ಣ ಭಾಗ ಓದಿ. ಮಾರ್ಕನ ಸುವಾರ್ತೆಯಿಂದ ಶುರು ಮಾಡಬಹುದು, ಕತೆ ಬೇಗ ಸಾಗುತ್ತದೆ. ಆಮೇಲೆ ಒಬ್ಬೊಬ್ಬರೇ ಈ ವಾರ ಹೇಗಿತ್ತು ಅಂತ ಇದ್ದದ್ದು ಇದ್ದ ಹಾಗೆ ಹೇಳಿ. ಯಾರೂ ಪ್ರಸಂಗ ಮಾಡಬಾರದು. ಒಬ್ಬಳು ಪ್ರಾರ್ಥನೆ ಮಾಡಲೇ ಇಲ್ಲ ಅಂದರೆ ಬುದ್ಧಿ ಹೇಳಬೇಡಿ, ಅವಳಿಗಾಗಿ ಅಲ್ಲೇ ಪ್ರಾರ್ಥನೆ ಮಾಡಿ. ಅಲ್ಲಿ ಕೇಳಿದ ಮಾತು ಹಾಸ್ಟೆಲಿನ ಊಟದ ಹಾಲಿಗೆ ಹೋಗಬಾರದು. ಒಂದು ಸಲ ಹೋದರೂ ಆ ಗುಂಪು ಮುಗಿಯಿತು. ನಿಮ್ಮ ಸಭೆಯ ಹಿರಿಯ ಹೆಂಗಸರೊಬ್ಬರಿಗೆ, ಒಬ್ಬ ಟೀಚರಮ್ಮನಿಗೋ ಸಭಾಪಾಲಕರ ಮನೆಯವರಿಗೋ, ತಿಂಗಳಿಗೊಮ್ಮೆ ಬಂದು ಕೂರಲು ಹೇಳಿ. ಮೂವರೇ ಆದರೆ ಸಾಕಾ ಅಂತ ಅನಿಸಬಹುದು. ಇಬ್ಬರು ಮೂವರು ನನ್ನ ಹೆಸರಿನಲ್ಲಿ ಕೂಡಿದಲ್ಲಿ ನಾನಿರುತ್ತೇನೆ ಅಂತ ಕರ್ತನಾದ ಯೇಸುವೇ ಹೇಳಿದ್ದಾನೆ.

ನಿನ್ನ ವೈಯಕ್ತಿಕ ಪ್ರಾರ್ಥನೆಗೆ ಬಂದರೆ, ಐದು ಗಂಟೆಯ ತೀರ್ಮಾನವನ್ನು ಬಿಟ್ಟುಬಿಡು. ಅದು ಕೂಟದ ರಾತ್ರಿ ಮಾಡಿದ್ದು, ನಿನ್ನ ಡ್ಯೂಟಿ ಪಟ್ಟಿ ನೋಡಿ ಮಾಡಿದ್ದಲ್ಲ. ದಿನಕ್ಕೆ ಹತ್ತು ನಿಮಿಷ ಇಟ್ಟುಕೋ. ಹಗಲು ಪಾಳಿಯಲ್ಲಿ ಬೆಳಿಗ್ಗೆ, ರಾತ್ರಿ ಪಾಳಿಯಲ್ಲಿ ವಾಪಸ್ ಬಂದು ಮಲಗುವ ಮುಂಚೆ. ಸತ್ಯವೇದದ ಕೀರ್ತನೆಗಳ ಪುಸ್ತಕದಿಂದ ಒಂದು ಕೀರ್ತನೆ ಓದು. ಕೀರ್ತನೆಗಳಲ್ಲಿ ಸಂತೋಷದವು ಇರುವಷ್ಟೇ ಗೋಳಾಟದವೂ ಇವೆ. 13, 42, 88 ಓದಿ ನೋಡು, ದೇವರೇ ಎಲ್ಲಿದ್ದೀಯ ಅಂತ ಕೇಳುವ ಮಾತು ಸತ್ಯವೇದದೊಳಗೇ ಇದೆ ಅಂತ ಧೈರ್ಯ ಬರುತ್ತದೆ. ಪ್ರಾರ್ಥನೆಯನ್ನು ಕೂಟದ ಭಾಷೆಯಲ್ಲಿ ಮಾಡಬೇಡ. ನಮ್ಮ ಮಕ್ಕಳು ಕೂಟದಿಂದ ಬಂದ ಮೇಲೆ ಅರ್ಧ ಇಂಗ್ಲಿಷ್, ಅರ್ಧ ಹಿಂದಿ ಹಾಡಿನ ಸಾಲು ಹಿಡಿದು ಪ್ರಾರ್ಥಿಸುವುದನ್ನು ಕೇಳಿದ್ದೇನೆ. ನಿನ್ನ ಅವ್ವನ ಜೊತೆ ಮಾತಾಡುವ ಮಾತಿನಲ್ಲೇ ದೇವರ ಜೊತೆ ಮಾತಾಡು. ಏನೂ ಅನಿಸದ ದಿನವೂ ಹತ್ತು ನಿಮಿಷ ಕೂರು. ನಮ್ಮ ಹೊಲದ ತೊಗರಿಯನ್ನು ನೋಡಿದ್ದೀಯಲ್ಲ. ಬಿತ್ತಿದ ಮೊದಲ ಒಂದೂವರೆ ತಿಂಗಳು ಮೇಲೆ ಏನೂ ಬೆಳೆದ ಹಾಗೆ ಕಾಣುವುದಿಲ್ಲ, ಪಕ್ಕದ ಹೆಸರು, ಉದ್ದು ಅದನ್ನು ದಾಟಿ ಹೋಗುತ್ತವೆ. ಆ ಹೊತ್ತಿನಲ್ಲಿ ಅದು ಬೇರನ್ನು ಕೆಳಗೆ ಇಳಿಸುತ್ತಿರುತ್ತದೆ. ಮಳೆ ನಿಂತ ಮೇಲೂ ಹಸಿರಾಗಿ ಉಳಿಯುವುದು ಅದರಿಂದಲೇ.

ಊರಿನ ಸಭೆ ಬೇಸರ ಅಂದಿದ್ದೀಯ. ಇದು ನನಗೆ ನೋವಾದ ಸಾಲು. ಮಾರ್ಕ 9ನೇ ಅಧ್ಯಾಯದಲ್ಲಿ ಯೇಸುವಿನ ರೂಪ ಬದಲಾದ ಬೆಟ್ಟದ ಮೇಲೆ ಶಿಷ್ಯ ಪೇತ್ರನು ಇಲ್ಲೇ ಮೂರು ಗುಡಾರ ಹಾಕೋಣ ಅಂದ. ಅವನಿಗೂ ಇಳಿಯಲು ಮನಸ್ಸಿರಲಿಲ್ಲ. ಇಳಿದ ಕೂಡಲೇ ಸಿಕ್ಕಿದ್ದು ಮೂರ್ಛೆ ಬೀಳುವ ಮಗನನ್ನು ಕರೆತಂದ ಒಬ್ಬ ತಂದೆ ಮತ್ತು ಏನೂ ಮಾಡಲಾಗದೆ ನಿಂತಿದ್ದ ಶಿಷ್ಯರು. ನಿಮ್ಮೂರ ಸಭೆಯಲ್ಲಿ ಡೋಲಕ್, ತಾಳದ ಜೊತೆ ದನಿ ತಪ್ಪಿ ಹಾಡುವ ಮುದುಕಿಯರು ಇರಬಹುದು. ಸಾಲ, ಬರಗಾಲ, ಗಂಡನ ಕುಡಿತ, ಮಗುವಿನ ಸಾವು ಎಲ್ಲ ದಾಟಿ ಅವರ ನಂಬಿಕೆ ಉಳಿದಿದೆ. ನಿನ್ನ ಮೂರು ದಿನದ ಬಗ್ಗೆ ಅವರಿಗೆ ಹೇಳು. ಅವರ ನಲವತ್ತು ವರ್ಷದ ಬಗ್ಗೆ ಕೇಳು. ಮುಂದಿನ ಸಲ ಊರಿಗೆ ಹೋದಾಗ ಆರಾಧನೆ ಮುಗಿದ ಮೇಲೆ ಒಬ್ಬರ ಪಕ್ಕ ಕೂತು, ನೀವು ಪ್ರಾರ್ಥನೆ ಬಿಡಬೇಕು ಅನಿಸಿದ ಕಾಲ ಇತ್ತಾ ಅಂತ ಕೇಳಿ ನೋಡು. ಸಂಡೇ ಸ್ಕೂಲಿನ ಮಕ್ಕಳಿಗೆ ಕೂಟದಲ್ಲಿ ಕಲಿತ ಹಾಡನ್ನು ಕಲಿಸು. ಅದಕ್ಕೆ ಯಾರೂ ಬೇಡ ಅನ್ನುವುದಿಲ್ಲ.

ಕೈ ಎತ್ತಿದ ವಿಷಯ ನಿನ್ನನ್ನು ಜಾಸ್ತಿ ಕಾಡುತ್ತಿದೆ ಅನಿಸುತ್ತದೆ. ಕ್ಯಾಥೊಲಿಕ್ ಸಭೆಯ ಸಂತ ಇಗ್ನೇಷಿಯಸ್ ಲೊಯೋಲ 16ನೇ ಶತಮಾನದಲ್ಲಿ ಧ್ಯಾನಕೂಟ ನಡೆಸುವವರಿಗೆ ಒಂದು ಎಚ್ಚರಿಕೆ ಬರೆದಿಟ್ಟರು. ಧ್ಯಾನಕ್ಕೆ ಬಂದವನು ತುಂಬಾ ಉತ್ಸಾಹದಲ್ಲಿದ್ದರೆ, ಆತುರದಲ್ಲಿ ಯಾವ ಹರಕೆಯನ್ನೂ ಹೊರದಂತೆ ನೋಡಿಕೊಳ್ಳಿ ಅಂತ. ಮನಸ್ಸು ಒಣಗಿದಾಗ ಹಿಂದಿನ ಒಳ್ಳೆಯ ತೀರ್ಮಾನವನ್ನು ಬದಲಿಸಬೇಡಿ ಅಂತಲೂ ಹೇಳಿದರು. ಎರಡೂ ನಿನಗೆ ಬೇಕು. ಆವತ್ತು ಎತ್ತಿದ ಕೈ ಪ್ರತಿಜ್ಞೆಯಲ್ಲ, ನಾನು ತಯಾರಿದ್ದೇನೆ ಅಂತ ದೇವರಿಗೆ ಹೇಳಿದ್ದು. ಅದನ್ನು ಈಗ ಒಣಗಿದ ಮನಸ್ಸಿನಲ್ಲಿ ಹಿಂತೆಗೆದುಕೊಳ್ಳುವುದೂ ಬೇಡ, ಅದಕ್ಕಾಗಿ ಓದು ಬಿಡುವುದೂ ಬೇಡ. ಅಮೆರಿಕದ ಮೌಂಟ್ ಹರ್ಮನ್‌ನಲ್ಲಿ 1886ರಲ್ಲಿ ವಿದ್ಯಾರ್ಥಿಗಳ ಒಂದು ದೊಡ್ಡ ಶಿಬಿರ ನಡೆಯಿತು. 251 ಜನ ಬಂದಿದ್ದರು. ಪರದೇಶ ಸೇವೆಗೆ ಮನಸ್ಸಿದ್ದವರು ಶುರುವಿನಲ್ಲಿ 20 ಚಿಲ್ಲರೆ. ಶಿಬಿರ ಸುಮಾರು ಒಂದು ತಿಂಗಳು ನಡೆಯಿತು. ಒಬ್ಬರ ಜೊತೆ ಒಬ್ಬರು ಮಾತಾಡಿ, ಪ್ರಾರ್ಥಿಸಿ, ಕೊನೆಗೆ 100 ಜನ ಹೆಸರು ಕೊಟ್ಟರು. ಒಂದು ರಾತ್ರಿಯ ಹಾಡಿನ ನಡುವೆ ಅಲ್ಲ. ಮುಗಿದ ಮೇಲೆ ಇಬ್ಬರು ವಿದ್ಯಾರ್ಥಿಗಳು ಇಡೀ ವರ್ಷ ಕಾಲೇಜು ಕಾಲೇಜಿಗೆ ಹೋಗಿ ಆ ಕೆಲಸ ಮುಂದುವರಿಸಿದರು.

ಪೂರ್ಣಾವಧಿ ಸೇವೆ ಅಂದರೆ ಪ್ರಸಂಗ ಮಾಡುವುದು ಒಂದೇ ಅಂತ ಯಾರಾದರೂ ಹೇಳಿದ್ದರೆ ಅದನ್ನು ನಂಬಬೇಡ. ಮೆಥೋಡಿಸ್ಟ್ ಮಿಷನ್ನಿನಿಂದ ಡಾಕ್ಟರ್ ಕ್ಲಾರಾ ಸ್ವೇನ್ 1870ರಲ್ಲಿ ಬರೇಲಿಗೆ ಬಂದದ್ದು ಹೆಂಗಸರ ಚಿಕಿತ್ಸೆಗೆ. ನಮ್ಮ ಕಡೆ ಯಾದಗಿರಿಯ ಹೋಲ್ಸ್‌ಟನ್ ಆಸ್ಪತ್ರೆ ಮಿಷನ್ನಿನ ಕೆಲಸವೇ. ನೀನು ರೋಗಿಯ ಹುಣ್ಣಿಗೆ ಡ್ರೆಸ್ಸಿಂಗ್ ಮಾಡುವುದು ಕರೆಗೆ ಮುಂಚಿನ ಸಮಯ ಕಳೆಯುವ ಕೆಲಸವಲ್ಲ. ಓದು ಮುಗಿಸು. ಸಭಾಪಾಲಕರಿಗೆ ಹೀಗೆ ಕೈ ಎತ್ತಿದ್ದೆ ಅಂತ ಹೇಳು. ಅಪ್ಪ ಅವ್ವನಿಗೂ ಹೇಳು. ಒಂದು ವರ್ಷದ ನಂತರವೂ ಆ ಆಸೆ ಉಳಿದಿದ್ದರೆ, ನಿನ್ನನ್ನು ಬಲ್ಲವರು ಅದನ್ನು ನಿನ್ನಲ್ಲಿ ಕಂಡರೆ, ಆಗ ಮುಂದಿನ ಹೆಜ್ಜೆ ಮಾತಾಡೋಣ.

ಇನ್ನು ಮೇ ಕೂಟ. ಹೋಗು ಅಂತ ಮನಸಾರೆ ಹೇಳುತ್ತೇನೆ. ಒಂದೇ ಕಡೆ ಕೂಡಿ, ಒಂದೇ ಊಟ ಉಂಡು, ದೇವರ ವಾಕ್ಯ ಕೇಳುವುದು ನಮಗೆ ಹೊಸದಲ್ಲ. ತೆಲಂಗಾಣದ ವಿಕಾರಾಬಾದ್ ಕಡೆಯ ಧಾರೂರಿನ ಮೆಥೋಡಿಸ್ಟ್ ಜಾತ್ರೆ 1923ರಿಂದ ನಡೆಯುತ್ತಿದೆ. ಬೀದರ್ ಕಡೆಯವರು ಮಕ್ಕಳು ಮರಿ ಕಟ್ಟಿಕೊಂಡು ನವೆಂಬರ್‌ನಲ್ಲಿ ಹೋಗಿ, ಡೇರೆ ಹಾಕಿ, ಅಲ್ಲೇ ಅಡಿಗೆ ಮಾಡಿ ಉಣ್ಣುತ್ತಾರೆ. ಅಲ್ಲಿ ಒಂದು ಅನುಕೂಲ ಇದೆ. ಇಡೀ ಮನೆಯೇ ಹೋಗುವುದರಿಂದ ಕೇಳಿದ ಮಾತು ಇಡೀ ಮನೆಗೆ ಗೊತ್ತಿರುತ್ತದೆ. ಯೌವನಸ್ಥರ ಕೂಟಕ್ಕೆ ನೀನು ಮನೆಯವರು, ಊರಿನವರು ಯಾರೂ ಇಲ್ಲದೆ ಹೋಗಿ ಹಾಗೆಯೇ ವಾಪಸ್ ಬರುತ್ತೀಯ. ಅದಕ್ಕೇ ನಿಮ್ಮೂರ ಸಭೆಯಿಂದ ಒಬ್ಬಳನ್ನಾದರೂ ಜೊತೆಗೆ ಕರೆದುಕೋ. ಸಭಾಪಾಲಕರಿಗೆ ತಿಳಿಸಿ, ಅವರ ಪ್ರಾರ್ಥನೆ ಪಡೆದು ಹೋಗಿ. ಬಂದ ಮೊದಲ ಭಾನುವಾರ ಇಬ್ಬರೂ ಸಭೆಯಲ್ಲಿ ಕೂಟದಲ್ಲಿ ಏನಾಯಿತು ಅಂತ ಐದು ನಿಮಿಷ ಸಾಕ್ಷಿ ಹೇಳಿ. ಈ ಸಲ ಒಂದೇ ಒಂದು ತೀರ್ಮಾನ ಮಾಡು. ಅದನ್ನೂ ಕೊನೆಯ ರಾತ್ರಿ ಅಲ್ಲ, ಮನೆಗೆ ಬಂದು ಎರಡು ದಿನ ನಿದ್ದೆ ಮಾಡಿದ ಮೇಲೆ ಬರೆದುಕೋ.

ಹೆಸರು ಕೊಡುವ ಮುಂಚೆ ನಡೆಸುವವರಿಗೆ ಫೋನ್ ಮಾಡಿ ಕೆಲವು ವಿಷಯ ಕೇಳು. ನಾಚಿಕೊಳ್ಳಬೇಡ. ಸಣ್ಣ ಗುಂಪಿನಲ್ಲಿ ಸತ್ಯವೇದ ಓದುವ ಹೊತ್ತು ದಿನಕ್ಕೆ ಎಷ್ಟಿದೆ? ಕನ್ನಡದಲ್ಲಿ ನಡೆಯುತ್ತದಾ? ಸುಮ್ನೆ ಒಬ್ಬಳೇ ಕೂರಲು ಸಮಯ ಕೊಡುತ್ತಾರಾ? ರಾತ್ರಿ ಕೂಟ ಎಷ್ಟು ಗಂಟೆಗೆ ಮುಗಿಯುತ್ತದೆ? ಹುಡುಗಿಯರ ವಸತಿಗೆ ಹೆಂಗಸರು ಜವಾಬ್ದಾರರಾಗಿ ಇರುತ್ತಾರಾ? ಒಬ್ಬೊಬ್ಬರನ್ನೇ ಕರೆದು ಪ್ರಾರ್ಥನೆ ಮಾಡುವುದು ಎಲ್ಲರಿಗೂ ಕಾಣುವ ಕಡೆಯಾ, ಮುಚ್ಚಿದ ಕೋಣೆಯಲ್ಲಾ? ಮುಚ್ಚಿದ ಕೋಣೆ ಅಂದರೆ ಆ ಕೂಟ ಬೇಡ, ಹೆಸರು ಎಷ್ಟೇ ದೊಡ್ಡದಿರಲಿ. ಬಂದವರ ಮೇಲೆ ಕಾಣಿಕೆಗಾಗಿ ಒತ್ತಡ ಹಾಕುವ ಕಡೆಗೂ, ಔಷಧಿ ನಿಲ್ಲಿಸಿ ಅನ್ನುವ ಕಡೆಗೂ ಹೋಗಬೇಡ. ಮುಗಿದ ಮೇಲೆ ನಮ್ಮ ಊರಿನವರನ್ನು ಯಾರು ವಿಚಾರಿಸಿಕೊಳ್ಳುತ್ತಾರೆ ಅಂತ ಕೊನೆಯದಾಗಿ ಕೇಳು. ಅವರ ಹತ್ತಿರ ಉತ್ತರ ಇಲ್ಲದಿದ್ದರೂ ಚಿಂತೆ ಇಲ್ಲ, ಅಷ್ಟರಲ್ಲಿ ನಿನ್ನ ಹಾಸ್ಟೆಲಿನ ಗುಂಪು ಇರುತ್ತದೆ. ಆದರೆ ಪ್ರಶ್ನೆ ಕಿವಿಗೆ ಬಿದ್ದರೆ ಮುಂದಿನ ವರ್ಷಕ್ಕಾದರೂ ಯೋಚಿಸುತ್ತಾರೆ. ಮೇ ತಿಂಗಳಲ್ಲಿ ಕಲಬುರಗಿಯ ಬಿಸಿಲು 42 ಡಿಗ್ರಿ ದಾಟುವುದು ಮಾಮೂಲು. ಕುಡಿಯುವ ನೀರು, ಫ್ಯಾನಿನ ವ್ಯವಸ್ಥೆಯನ್ನೂ ಕೇಳಿಕೋ, ಓಆರ್‌ಎಸ್ ಪೊಟ್ಟಣ ಬ್ಯಾಗಿನಲ್ಲಿ ಇಟ್ಟುಕೋ. ನಿನ್ನ ಜೊತೆಯವರಿಗೆ ತಲೆ ತಿರುಗಿದರೆ ನೋಡಿಕೊಳ್ಳುವವಳು ನೀನೇ ಆಗಬೇಕಾಗುತ್ತದೆ.